ಮೆಹಂದಿ ಕೋನ್ ಪದೇ ಪದೇ ಕಟ್ಕೊಳ್ತಿದೆ, ಮನೇಲಿ ನುಣ್ಣಗೆ ಕಲಸೋದು ಹೇಗೆ?

ಬನಶಂಕರಿ_ಹುಡುಗಿ:
ಎಲ್ರಿಗೂ ನಮಸ್ಕಾರ. ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ಚಿಕ್ಕಮ್ಮನ ಮಗಳ ಮದ್ವೆ, ಶುಕ್ರವಾರ ಸಂಜೆ ಅವಳ ಕೈಗೆ ನಾನೇ ಮೆಹಂದಿ ಹಾಕ್ತೀನಿ ಅಂತ ಒಪ್ಕೊಂಡಿದೀನಿ. ಡಿಸೈನ್ ಬರತ್ತೆ, ತೊಂದ್ರೆ ಇರೋದು ಪೇಸ್ಟ್‌ದು. ಮನೇಲಿ ತಲೆಗೆ ಹಚ್ಚೋ ಮೆಹಂದಿ ಪ್ಯಾಕೆಟ್ ಇತ್ತು, ಟೀ ಡಿಕಾಕ್ಷನ್ ಹಾಕಿ ಕಲಸಿ ಕೋನ್‌ಗೆ ತುಂಬ್ದೆ, ಎರಡು ಎಲೆ ಬಿಡಿಸೋಷ್ಟರಲ್ಲಿ ತುದಿ ಕಟ್ಕೊಳ್ತು, ಗುಂಡುಪಿನ್ನಲ್ಲಿ ಚುಚ್ಚಿ ಜೋರಾಗಿ ಒತ್ತಿದ್ರೆ ಹಿಂದಿನಿಂದ ಬಿಟ್ಕೊಂಡು ಅಂಗೈಯೆಲ್ಲಾ ಆಯ್ತು. ನೀರು ಜಾಸ್ತಿ ಹಾಕಿದ್ರೆ ಗೆರೆ ಹರಡ್ಕೊಳತ್ತೆ. ಮಿಕ್ಸಿಗೆ ಹಾಕ್ಬೇಕಾ? ಅಂಗಡಿ ಕೋನ್ ತರೋಕೆ ನಂಗೆ ಮನಸ್ಸಿಲ್ಲ, ದಯವಿಟ್ಟು ಗೊತ್ತಿರೋರು ಹೇಳಿ.

ಕೋನ್_ಅಕ್ಕ:
ಮಿಕ್ಸಿ ಬೇಡಮ್ಮಾ. ನಾನು ಹನ್ನೊಂದು ವರ್ಷದಿಂದ ಜಯನಗರದ ಕಡೆ ಮದ್ವೆಮನೆಗಳಲ್ಲಿ ಮೆಹಂದಿ ಹಾಕ್ತಿದೀನಿ, ನಿನ್ನ ತಪ್ಪು ಕಲಸೋದ್ರಲ್ಲಿ ಅಲ್ಲ, ಪುಡೀಲಿ. ತಲೆಗೆ ಹಚ್ಚೋದು ತರಿತರಿ ಇರತ್ತೆ, ಅದ್ರಲ್ಲಿ ಎಲೆ ನಾರು, ಸಣ್ಣ ಮರಳು ಎಲ್ಲಾ ಇರತ್ತೆ, ಎಷ್ಟೋ ಪ್ಯಾಕೆಟಲ್ಲಿ ನೆಲ್ಲಿಕಾಯಿ ಸೀಗೆ ಬೇರೆ ಸೇರಿಸಿರ್ತಾರೆ. ಕೈಗೆ ಹಚ್ಚೋ ಪುಡಿ ಅಂತಾನೇ ಕೇಳು, ರಾಜಸ್ಥಾನದ ಸೋಜತ್‌ದು ಸಿಕ್ರೆ ಒಳ್ಳೇದು (ಅದಕ್ಕೆ 2021ರಲ್ಲಿ ಜಿಐ ಟ್ಯಾಗೂ, ಅಂದ್ರೆ ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತೂ ಸಿಕ್ಕಿದೆ). ಹಸಿ ಹುಲ್ಲಿನ ವಾಸನೆ ಇರ್ಬೇಕು, ಬೆರಳಲ್ಲಿ ಉಜ್ಜಿದ್ರೆ ಟಾಲ್ಕಂ ಪೌಡರ್ ಥರ ಅನ್ನಿಸ್ಬೇಕು.

50 ಗ್ರಾಂ ಪುಡಿ ತಗೊಂಡು ಮೊದ್ಲು ಒಣಗಿದ್ದಾಗಲೇ ತೆಳು ಬಟ್ಟೇಲಿ ಜರಡಿ ಹಿಡಿ. 15 ಗ್ರಾಂ ಸಕ್ಕರೆ ಹಾಕಿ, ಸೋಸಿದ ನಿಂಬೆರಸ ಸ್ವಲ್ಪ ಸ್ವಲ್ಪವಾಗಿ ಹಾಕ್ತಾ ಕಲಸು, ಸುಮಾರು 130ರಿಂದ 150 ಎಂಎಲ್ ಹಿಡಿಯತ್ತೆ, ಪುಡಿ ಹೇಗಿದೆ ಅನ್ನೋದ್ರ ಮೇಲೆ ಹೋಗತ್ತೆ ಅದು. ಮೊದಲ ದಿನ ಚಪಾತಿ ಹಿಟ್ಟಿಗಿಂತ ಮೆತ್ತಗೆ, ಮೊಸರಿಗಿಂತ ಗಟ್ಟಿ ಸಾಕು, ಪೂರ್ತಿ ರಸ ಒಂದೇ ಸಲ ಸುರಿದ್ರೆ ಗಂಟು ಒಡೆಯಲ್ಲ. ಆಮೇಲೆ 15 ಎಂಎಲ್ ಲ್ಯಾವೆಂಡರ್ ಇಲ್ಲಾ ಟೀ ಟ್ರೀ ಎಣ್ಣೆ. ಅಂಗಡೀಲಿ ಮೆಹಂದಿ ಎಣ್ಣೆ ಅಂತ ಏನು ಕೊಡ್ತಾರೋ ಅದ್ರಲ್ಲಿ ಏನಿದೆ ಅಂತ ಬರೆದಿರದಿದ್ರೆ ತಗೋಬೇಡ, ಲವಂಗದ ಎಣ್ಣೆ ಬೇಡವೇ ಬೇಡ, ಚರ್ಮ ಉರಿಯತ್ತೆ.

ಪ್ಲಾಸ್ಟಿಕ್ ಹಾಳೆ ಪೇಸ್ಟಿಗೆ ತಾಗೋ ಹಾಗೆ ಮುಚ್ಚಿ ರಾತ್ರಿಯಿಡೀ ಬಿಡು. ನಮ್ಮ ಬೆಂಗಳೂರು ಚಳೀಲಿ 12 ಗಂಟೆ ಮೇಲೇ ಬೇಕಾಗತ್ತೆ, ಅದಕ್ಕೆ ಗಡಿಯಾರ ನೋಡ್ಬೇಡ, ಒಂದು ಚುಕ್ಕೆ ಅಂಗೈಗೆ ಇಟ್ಟು ಐದು ನಿಮಿಷ ಬಿಟ್ಟು ಒರೆಸು, ಕಿತ್ತಳೆ ಬಣ್ಣ ಕಂಡ್ರೆ ಆಯ್ತು. ಬೇಗ ಆಗ್ಲಿ ಅಂತ ಕುದಿಯೋ ನೀರು ಹಾಕ್ಬೇಡ, ಬಣ್ಣ ಬೇಗ ಬಿಟ್ಟು ಬೇಗ ಸತ್ತೋಗತ್ತೆ.

ಈಗ ನುಣುಪಿನ ವಿಷ್ಯ. ಹೊಸ ನೈಲಾನ್ ಸ್ಟಾಕಿಂಗ್ಸ್, ಆ ಚರ್ಮದ ಬಣ್ಣದ್ದು, ಅದರೊಳಗೆ ಪೇಸ್ಟ್ ತುಂಬಿ ಮೇಲೆ ಗಂಟು ಹಿಡ್ಕೊಂಡು ಚಕ್ಕುಲಿ ಒತ್ತಿದ ಹಾಗೆ ಕೆಳಗೆ ಹಿಂಡು. ಒಳಗೆ ಉಳಿಯೋ ನಾರೇ ನಿನ್ನ ಕೋನ್ ಕಟ್ತಾ ಇದ್ದಿದ್ದು. ಕೆಳಗೆ ಬಿದ್ದಿದ್ದಕ್ಕೆ ಹನಿಹನಿ ನಿಂಬೆರಸ ಹಾಕಿ ತಿರುಗಿಸ್ತಾ ಇರು, ಸ್ಪೂನ್ ಎತ್ತಿದ್ರೆ ತುಂಡಾಗದೆ ರಿಬ್ಬನ್ ಥರ ಬಿದ್ದು, ಬಿದ್ದ ಮಡಿಕೆ ಎರಡು ಮೂರು ಸೆಕೆಂಡಲ್ಲಿ ಕರಗ್ಬೇಕು. ಮಳೆ ಹಿಡ್ಕೊಂಡಿದ್ರೆ ಸಕ್ಕರೆ ಕಮ್ಮಿ ಮಾಡು, ಇಲ್ಲಾಂದ್ರೆ ಹಾಕಿದ ಗೆರೆ ಬೆವರಿ ಇಳಿಯತ್ತೆ.

ಮಲ್ಲೇಶ್ವರದ_ಸೊಸೆ:
ಅಕ್ಕ ಹೇಳಿದ್ದು ಸರಿ. ನಮ್ಮಜ್ಜಿ ಆಷಾಢದಲ್ಲಿ ಗೋರಂಟಿ ಸೊಪ್ಪಿಗೆ ಹುಣಸೆಹಣ್ಣು, ಅಡಿಕೆ ಚೂರು ಹಾಕಿ ಒರಳಲ್ಲಿ ಅರೀತಿದ್ರು, ಅಂಗೈ ಮಧ್ಯೆ ಒಂದು ದೊಡ್ಡ ಬಟ್ಟು, ಬೆರಳಿಗೆ ಟೋಪಿ, ಅಷ್ಟಕ್ಕೆ ಅದು ಚೆನ್ನ. ಕೋನ್‌ಗೆ ಮಾತ್ರ ಸೊಪ್ಪು ಎಷ್ಟು ಅರೆದ್ರೂ ನಾರು ಹೋಗಲ್ಲ, ನಾನು ಮಾಡಿ ನೋಡಿದೀನಿ.

ಇನ್ನೊಂದು, ಯಾರಾದ್ರೂ ಬ್ಲ್ಯಾಕ್ ಮೆಹಂದಿ ಹಾಕ್ಸು ಅಂದ್ರೆ ಒಪ್ಬೇಡಿ. ಒಂದು ಜಾತ್ರೇಲಿ ಮಗಳಿಗೆ ಹಾಕ್ಸಿದ್ದೆ, ಮೂರನೇ ದಿನಕ್ಕೆ ಬಳ್ಳಿ ಇದ್ದ ಜಾಗದಲ್ಲೇ ಬಳ್ಳಿ ಆಕಾರಕ್ಕೆ ಗುಳ್ಳೆ ಎದ್ವು. ಅದ್ರಲ್ಲಿ ಕೂದಲ ಡೈಗೆ ಹಾಕೋ ಪಿಪಿಡಿ ಅನ್ನೋ ಕೆಮಿಕಲ್ ಇರತ್ತಂತೆ, ಇನ್ಮುಂದೆ ಹೇರ್ ಡೈ ಹಚ್ಚಲೇಬಾರ್ದು ಅಂದ್ರು ಡಾಕ್ಟ್ರು. ಗೋರಂಟಿ ಎಲೆ ಯಾವತ್ತೂ ಅರ್ಧ ಗಂಟೇಲಿ ಕಪ್ಪು ಬಣ್ಣ ಕೊಡಲ್ಲ.

ಕೋನ್_ಅಕ್ಕ:
ಪಾಪ ಮಗು. ಹೌದು, ನಿಜವಾದ ಮೆಹಂದಿ ಕೆರೆದಾಗ ಕಿತ್ತಳೆನೇ, ಎರಡು ದಿನಕ್ಕೆ ಕಂದು ಕೆಂಪಾಗೋದು. ಶುಕ್ರವಾರ ಹಾಕಿದ್ರೆ ಭಾನುವಾರ ಮುಹೂರ್ತಕ್ಕೆ ಸರಿಯಾಗಿ ಬರತ್ತೆ. ಆರೆಂಟು ಗಂಟೆ ಬಿಟ್ಟು ಕೆರೆದು ತೆಗೀಲಿ, ಶನಿವಾರ ಬೆಳಗಿನ ತನಕ ನೀರು ಮುಟ್ಟೋದು ಬೇಡ.

ಬನಶಂಕರಿ_ಹುಡುಗಿ:
ಅಕ್ಕಾ, ಮಾಡ್ದೆ! ಗಾಂಧಿ ಬಜಾರ್‌ನ ಗ್ರಂದಿಗೆ ಅಂಗಡೀಲಿ ಪುಡಿ ಸಿಕ್ತು. ಸ್ಟಾಕಿಂಗ್ಸ್ ಒಳಗೆ ಒಂದು ಸ್ಪೂನಷ್ಟು ನಾರು ಉಳೀತು, ಬೆರಳಲ್ಲಿ ಉಜ್ಜಿದ್ರೆ ಕರಕರ ಅಂತಿತ್ತು. ಮಣಿಕಟ್ಟಿಂದ ಕಿರುಬೆರಳ ತುದಿ ತನಕ ಒಂದೇ ಗೆರೆ ಎಳೆದೆ, ಎಲ್ಲೂ ಕಡೀಲಿಲ್ಲ. ಅಮ್ಮನ ಕೈಗೆ ಹಾಕಿದ್ದು ಇವತ್ತು ಮೂರನೇ ದಿನ, ಕಾಫಿ ಬೀಜದ ಬಣ್ಣ. ಮಿಕ್ಕ ಆರು ಕೋನ್ ಫ್ರೀಜರ್‌ನಲ್ಲಿಟ್ಟಿದೀನಿ, ಶುಕ್ರವಾರ ಎಷ್ಟು ಹೊತ್ತು ಮುಂಚೆ ತೆಗೀಲಿ?

ಕೋನ್_ಅಕ್ಕ:
ಒಂದು ಗಂಟೆ ಮುಂಚೆ ಸಾಕು, ಬಿಸಿನೀರಲ್ಲಿ ಇಡ್ಬೇಡ, ಹಾಗೇ ಕರಗ್ಲಿ. ಮದುಮಗಳ ಕೈ ಫೋಟೋ ಹಾಕಮ್ಮಾ.