ಹೆಂಪ್ ಹಾಕಿದರೆ ಹೊಲ ಸುಧಾರಿಸುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ಹಾವೇರಿ ಕಡೆ ನಮ್ಮದು ನಾಲ್ಕು ಎಕರೆ ಇದೆ, ವರ್ಷಾ ವರ್ಷ ಹತ್ತಿ ಹಾಕಿ ಮಣ್ಣಿನಲ್ಲಿ ಸತ್ವವೇ ಉಳಿದಿಲ್ಲ. ಹೆಂಪ್ ಬೆಳೆದರೆ ನೀರು ಕಮ್ಮಿ ಸಾಕು, ಕಳೆ ಬರಲ್ಲ, ಭೂಮಿಗೆ ಸಾರಜನಕವೂ ಸೇರುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಮ್ಮಲ್ಲಿ ಸಿಗುವ ಸೆಣಬಿನ ಬೀಜ ಇದೇ ತಾನೇ?

ಉತ್ತರ (ಕೃಷಿ ತಜ್ಞರು): ಅಲ್ಲ ಅಣ್ಣ. ಹಸಿರೆಲೆ ಗೊಬ್ಬರಕ್ಕೆ ಹಾಕುವ ಅಪ್ಸೆಣಬು ಹಳದಿ ಹೂವಿನ ದ್ವಿದಳ ಗಿಡ, ಭೂಮಿಗೆ ಸಾರಜನಕ ಸೇರಿಸುವುದು ಅದು. ಗೋಣಿಚೀಲದ ಸೆಣಬು ಇನ್ನೊಂದು. ಹೆಂಪ್ ಅಂದರೆ ಗಾಂಜಾ ಜಾತಿಯದೇ, ಅಮಲಿನ ಅಂಶ ತೀರಾ ಕಮ್ಮಿ ಇರುವ ತಳಿ. ಅದು ಸಾರಜನಕ ಕೊಡುವುದಿಲ್ಲ, ತಾನೇ ತಿನ್ನುತ್ತದೆ. ವಿಡಿಯೋದವರು ಅಪ್ಸೆಣಬನ್ನೂ ಹೆಂಪನ್ನೂ ಕಲಸಿಬಿಟ್ಟಿದ್ದಾರೆ.

ಉಳಿದದ್ದು ನಿಜ. ಒತ್ತಾಗಿ ಬಿತ್ತಿದರೆ ನೆರಳಿಗೆ ಕಳೆ ಏಳುವುದಿಲ್ಲ, ಹತ್ತಿಗಿಂತ ನೀರೂ ಕಮ್ಮಿ. ಯುರೋಪಿಯನ್ ಕಮಿಷನ್ ಲೆಕ್ಕದಲ್ಲಿ ಒಂದು ಹೆಕ್ಟೇರ್ ಹೆಂಪ್ 9ರಿಂದ 15 ಟನ್ ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಆದರೆ ಕಾಂಡ ಹೊಲದಲ್ಲೇ ಕೊಳೆತರೆ ಅದರಲ್ಲಿ ಬಹುಪಾಲು ಮತ್ತೆ ಗಾಳಿಗೇ ಹೋಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ನಾರು ತೆಗೆದ ಮೇಲೆ ಉಳಿಯುವ ದಂಟಿನ ಚೂರನ್ನು ಸುಣ್ಣದ ಜೊತೆ ಕಲಸಿ ಗೋಡೆ ಕಟ್ಟಿದರೆ, ಗೋಡೆ ಇರುವಷ್ಟು ದಿನ ಇಂಗಾಲ ಅಲ್ಲೇ ಉಳಿಯುತ್ತದೆ. ಎಲ್ಲೋರದ ಗುಹೆಗಳ ಮಣ್ಣಿನ ಗಾರೆಯಲ್ಲಿ ಈ ಗಿಡದ ಚೂರುಗಳಿದ್ದದ್ದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು, ಅಲ್ಲಿಗೆ ಇದೇನೂ ಹೊಸ ಐಡಿಯಾ ಅಲ್ಲ.

ಇನ್ನೊಬ್ಬರು: ನಾರು ಬಿಡಿಸಲು ಕೆರೆಯಲ್ಲಿ ಕೊಳೆ ಹಾಕಬೇಕಲ್ವಾ ಸರ್? ನಮ್ಮಜ್ಜ ಪುಂಡಿ ಕಟ್ಟು ನೆನೆ ಹಾಕಿದರೆ ವಾರಗಟ್ಟಲೆ ಆ ಕಡೆ ಮೂಗು ಬಿಟ್ಟು ಓಡಾಡುವ ಹಾಗಿರಲಿಲ್ಲ.

ಉತ್ತರ: ಹೌದು, ನಿಂತ ನೀರಿಗೆ ಹಾಕಿದರೆ ನೀರಿನ ಆಮ್ಲಜನಕ ಇಳಿದು ಮೀನು ಸಾಯುತ್ತವೆ. ಅದಕ್ಕೇ ಯುರೋಪಿನಲ್ಲಿ ಕೊಯ್ದ ಕಾಂಡವನ್ನು ಹೊಲದಲ್ಲೇ ಹರಡಿ, ಇಬ್ಬನಿಯ ತೇವಕ್ಕೆ ನಾರು ಸಡಿಲವಾಗಲು ಬಿಡುತ್ತಾರೆ.

ಪ್ರಶ್ನೆ ಕೇಳಿದವರು: ಹಾಗಾದರೆ ಒಂದೆರಡು ಗುಂಟೆ ಹಾಕಿ ನೋಡಲಾ?

ಉತ್ತರ: ದಯವಿಟ್ಟು ಬೇಡ. 1985ರ ಮಾದಕ ವಸ್ತು ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಹಾಕಿದರೆ ಪೊಲೀಸ್ ಕೇಸು. ನಾರು, ಬೀಜಕ್ಕಾಗಿ ಬೆಳೆಯಲು ಅನುಮತಿ ಕೊಡುವ ದಾರಿ ಅದೇ ಕಾಯ್ದೆಯಲ್ಲಿದೆ, ಉತ್ತರಾಖಂಡ 2018ರಲ್ಲಿ ಹಾಗೆ ಲೈಸೆನ್ಸ್ ಕೊಟ್ಟಿತು. ಆದರೆ ಹತ್ತಿರದಲ್ಲಿ ನಾರು ಬಿಡಿಸುವ ಯೂನಿಟ್ ಇಲ್ಲದಿದ್ದರೆ ಲಾರಿಗಟ್ಟಲೆ ದಂಟು ಯಾರಿಗೆ ಮಾರುತ್ತೀರಿ?

ನಿಮಗೆ ಬೇಕಾಗಿರುವುದು ಮಣ್ಣು ಸುಧಾರಿಸುವುದು ತಾನೇ? ಅದಕ್ಕೆ ಅಪ್ಸೆಣಬೇ ಸಾಕು. ಮುಂಗಾರಿನ ಮೊದಲ ಮಳೆಗೆ ಎಕರೆಗೆ ಸುಮಾರು 20 ಕೆಜಿ ಚೆಲ್ಲಿ. ತಿಂಗಳಾದ ಮೇಲೆ ಒಂದು ಗಿಡವನ್ನು ಮೆಲ್ಲಗೆ ಅಗೆದು ತೆಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು: ಸರಿ ಸರ್, ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ವಿಚಾರಿಸುತ್ತೇನೆ. ಹೂ ಪೂರ್ತಿ ಬಿಟ್ಟ ಮೇಲೆ ಗಿಡವನ್ನು ಮಣ್ಣಿಗೆ ಮಗುಚಿದರೆ ನಡೆಯುತ್ತಾ?

ಉತ್ತರ: ಬೇಡ, ಸುಮಾರು 45 ದಿನಕ್ಕೆ, ಹೂ ಶುರುವಾಗುತ್ತಿದ್ದ ಹಾಗೇ ಮಗುಚಿ. ತಡವಾದರೆ ಕಾಂಡ ನಾರುಗಟ್ಟಿ ರೋಟವೇಟರ್‌ಗೆ ಸುತ್ತಿಕೊಳ್ಳುತ್ತದೆ, ಕುಡುಗೋಲಿನಿಂದ ಕತ್ತರಿಸಿ ಬಿಡಿಸುತ್ತಾ ಕೂರಬೇಕಾಗುತ್ತದೆ.