ಡೈ ವೆರೈಟಿ: ‘ಅಚ್ಚುಭೇದ’ ಅನ್ನಬಹುದೇ?

ಬಳಗದವರಿಗೆಲ್ಲ ನಮಸ್ಕಾರ.

ಅಮೆರಿಕದ ಹಳೆ ಬೆಳ್ಳಿ ಡಾಲರ್‌ಗಳ ಮೇಲೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮಾರ್ಗನ್ ಡಾಲರ್ ಅನ್ನುತ್ತಾರಲ್ಲ, ಅದು. 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಮತ್ತೊಮ್ಮೆ ಟಂಕಿಸಿದ್ದು. ಬರಹ ಸಲೀಸಾಗಿ ಸಾಗುತ್ತಿತ್ತು, ‘ಡೈ ವೆರೈಟಿ’ ಹತ್ತಿರ ಬಂದು ನಿಂತಿದೆ. ನಾಣ್ಯದ ಮೇಲೆ ಚಿತ್ರ ಒತ್ತುವ ಉಕ್ಕಿನ ಅಚ್ಚೇ ಡೈ; ಅಚ್ಚಿನಿಂದ ಅಚ್ಚಿಗೆ ಆ ಚಿತ್ರದಲ್ಲಿ ಕಾಣುವ ವ್ಯತ್ಯಾಸವೇ ಡೈ ವೆರೈಟಿ. ನಾಣ್ಯ ಕೂಡಿಡುವ ನಮ್ಮವರು ಮಾತಿನಲ್ಲಿ ‘ಡೈ’, ‘ವೆರೈಟಿ’ ಅಂತಲೇ ಅನ್ನುವುದು. ಅದನ್ನೇ ಬರೆಯಲು ನನಗೇನೂ ಮಡಿಯಿಲ್ಲ. ಆದರೂ ಹೊಸ ಓದುಗರಿಗೆ ಬರೀ ‘ವೆರೈಟಿ’ಯಿಂದ ಏನೂ ತಿಳಿಯುವುದಿಲ್ಲ.

ವಿಷಯ ಇಷ್ಟು. 1878ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಿಂದ ಮೊದಲು ಬಂದ ಡಾಲರ್‌ಗಳಲ್ಲಿ ಹಿಂಬದಿಯ ಹದ್ದಿನ ಬಾಲಕ್ಕೆ 8 ಪುಕ್ಕ. ಆಮೇಲೆ ಅದನ್ನು 7 ಮಾಡಿದರು. ಆಗಲೇ 8 ಪುಕ್ಕದ ಅಚ್ಚುಗಳು ಕೆಲವು ತಯಾರಾಗಿದ್ದವು. ಅವನ್ನು ಎಸೆಯದೆ, ಅವುಗಳ ಮೇಲೇ 7 ಪುಕ್ಕದ ಹೊಸ ಚಿತ್ರ ಒತ್ತಿದರು. ಹಳೆಯದು ಪೂರ್ತಿ ಅಳಿಸಿಹೋಗಲಿಲ್ಲ. ಆ ಅಚ್ಚುಗಳಿಂದ ಹೊರಟ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದರೆ 7 ಪುಕ್ಕದ ಕೆಳಗೆ ಹಳೆ ಪುಕ್ಕಗಳ ತುದಿ ಇಣುಕುತ್ತವೆ. ಎಷ್ಟು ತುದಿ ಕಾಣುತ್ತವೆ ಅಂತ ಎಣಿಸಿ ಇದು ಯಾವ ಅಚ್ಚು ಅಂತ ಹೇಳುವವರಿದ್ದಾರೆ.

ಮುಂದೆ 7 ಪುಕ್ಕದಲ್ಲೂ ಎರಡು ಬಗೆ ಬಂದವು. ಹದ್ದಿನ ಕಾಲಲ್ಲಿರುವ ಬಾಣಗಳನ್ನು ನೋಡಬೇಕು. ಒಂದರಲ್ಲಿ ಎಲ್ಲಕ್ಕಿಂತ ಮೇಲಿನ ಗರಿ ಬಾಣದ ಕಡ್ಡಿಗೆ ಸಮಾನಾಂತರವಾಗಿ ನೆಟ್ಟಗಿದೆ, ಹದ್ದಿನ ಎದೆ ಚಪ್ಪಟೆ. ಇನ್ನೊಂದರಲ್ಲಿ ಗರಿ ಓರೆ, ಎದೆ ಉಬ್ಬಿದೆ. ಇಂಗ್ಲಿಷಿನವರು ಬಾಲದ್ದಕ್ಕೂ ಬಾಣದ್ದಕ್ಕೂ ‘ಫೆದರ್’ ಅಂತಲೇ ಹೇಳಿ ಹೊಸಬರ ತಲೆ ಕೆಡಿಸುತ್ತಾರೆ. ನಾನು ಬಾಲಕ್ಕೆ ಪುಕ್ಕ, ಬಾಣಕ್ಕೆ ಗರಿ ಅಂತ ಹಂಚಿಬಿಟ್ಟಿದ್ದೇನೆ. ಇಲ್ಲಿ ಕನ್ನಡದಲ್ಲೇ ಅನುಕೂಲ ಜಾಸ್ತಿ, ಅಲ್ವಾ?

ಇಂಥವನ್ನೆಲ್ಲ ಪಟ್ಟಿ ಮಾಡಿದವರು ವ್ಯಾನ್ ಆಲೆನ್ ಮತ್ತು ಮ್ಯಾಲಿಸ್. ಅವರ ಹೆಸರುಗಳ ಮೊದಲಕ್ಷರ ಕೂಡಿಸಿ ಸಂಗ್ರಾಹಕರು ‘ವ್ಯಾಮ್’ ಸಂಖ್ಯೆ ಅನ್ನುತ್ತಾರೆ. ಅದು ಹೆಸರಾದ್ದರಿಂದ ಹಾಗೇ ಇಡುತ್ತೇನೆ.

ಈಗ ಪ್ರಶ್ನೆ. ಗೆಳೆಯರೊಬ್ಬರು ‘ಅಚ್ಚಿನ ತಪ್ಪು’ ಅಂತ ಬರೆದುಬಿಡಿ ಎಂದರು. ಅದು ಒಗ್ಗುವುದಿಲ್ಲ. ಒಂದು, ಓದಿದ ಕೂಡಲೇ ಪುಸ್ತಕದ ಮುದ್ರಣದೋಷ ನೆನಪಾಗುತ್ತದೆ. ಅದಕ್ಕಿಂತ ಮುಖ್ಯ, ಇಲ್ಲಿ ವ್ಯತ್ಯಾಸ ಇರುವುದು ಅಚ್ಚಿನಲ್ಲಿ. ಬಿಲ್ಲೆ, ಅಂದರೆ ಇನ್ನೂ ಚಿತ್ರ ಒತ್ತದ ಲೋಹದ ತುಂಡು, ಜರುಗಿ ಒಂದೇ ನಾಣ್ಯ ಎರಡು ಸಲ ಪೆಟ್ಟು ತಿಂದರೆ ಅದು ಆ ಒಂದು ನಾಣ್ಯದ ಅವಾಂತರ. ಆದರೆ ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1888ರ ಒಂದು ಡಾಲರ್ ಇದೆ, ಸಂಗ್ರಾಹಕರು ಅದನ್ನು ‘ಹಾಟ್ ಲಿಪ್ಸ್’ ಅನ್ನುತ್ತಾರೆ. ಅದರಲ್ಲಿ ಮುಂಬದಿಯ ಹೆಣ್ಣುಮುಖದ, ಅಂದರೆ ಲಿಬರ್ಟಿಯ ತುಟಿ, ಮೂಗು, ಗದ್ದ ಎರಡೆರಡಾಗಿ ಕಾಣುತ್ತವೆ. ಅಚ್ಚು ಮಾಡುವಾಗಲೇ ಚಿತ್ರ ಎರಡನೇ ಸಲ ಸ್ವಲ್ಪ ಜರುಗಿ ಕೂತದ್ದು. ಹಾಗಾಗಿ ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯಕ್ಕೂ ಅದೇ ತುಟಿ. ಇದಕ್ಕೆ ‘ಜೋಡಚ್ಚು’ ಅನ್ನೋಣವೆಂದರೆ, ಮುಂಬದಿ ಹಿಂಬದಿಯ ಎರಡು ಅಚ್ಚುಗಳ ಜೋಡಿ ಅಂತ ಅರ್ಥವಾಗುತ್ತದೆ. ಸದ್ಯಕ್ಕೆ ‘ಇಮ್ಮಡಿಸಿದ ಅಚ್ಚು’ ಅಂತ ಬರೆದಿಟ್ಟಿದ್ದೇನೆ.

‘ಅಚ್ಚು’ ಅನ್ನುವುದರಲ್ಲೇ ಇನ್ನೊಂದು ತೊಡಕಿದೆ. ಸಕ್ಕರೆ ಪಾಕ ಹೊಯ್ಯುವ ಮರದ ಪಡಿಯೂ ಅಚ್ಚೇ, ಸಂಕ್ರಾಂತಿಗೆ ಎಳ್ಳಿನ ಜತೆ ತಟ್ಟೆಯಲ್ಲಿ ಬರುವುದೂ ಅಚ್ಚೇ. ಉಪಕರಣ, ಅದರಿಂದ ಬಂದ ವಸ್ತು ಎರಡಕ್ಕೂ ಒಂದೇ ಹೆಸರು. ‘ಪಡಿಯಚ್ಚು’ ಅಂದರೆ ಬಗೆಹರಿಯುತ್ತೇನೋ ಅಂದುಕೊಂಡೆ, ಆದರೆ ಅದು ‘ಅಪ್ಪನ ಪಡಿಯಚ್ಚು’ ಅನ್ನುವ ಕಡೆ ಓಡುತ್ತದೆ. ‘ಠಸ್ಸೆ’ ಕಚೇರಿಯ ಮೇಜಿಗೆ ಸೇರಿದ್ದು.

ಹೀಗಾಗಿ ‘ಅಚ್ಚುಭೇದ’ದ ಕಡೆಗೇ ನನ್ನ ಒಲವು. ಓಲೆಗರಿಯ ಪ್ರತಿಗಳನ್ನು ಹೋಲಿಸುವವರು ‘ಪಾಠಭೇದ’ ಅನ್ನುವುದಿಲ್ಲವೇ? ಅಲ್ಲೂ ತಪ್ಪು ಯಾವುದು, ಬೇಕೆಂದೇ ತಿದ್ದಿದ್ದು ಯಾವುದು ಅಂತ ಮೊದಲೇ ತೀರ್ಪು ಕೊಡುವುದಿಲ್ಲ. ಪ್ರತಿ ಪ್ರತಿಗೆ ಏನು ಬದಲಾಗಿದೆ ಅಂತ ದಾಖಲಿಸುತ್ತಾರೆ. ನಾಣ್ಯಕ್ಕೂ ಬೇಕಾದದ್ದು ಅದೇ. ಅರಿಸಮಾಸ ಅಂತ ಯಾರಾದರೂ ಆಕ್ಷೇಪ ಎತ್ತೇ ಎತ್ತುತ್ತೀರಿ, ಗೊತ್ತು. ಬೇಡವಾದರೆ ಬಿಡಿಸಿ ‘ಅಚ್ಚಿನ ಭೇದ’ ಅನ್ನಿ, ನನ್ನದೇನೂ ತಕರಾರಿಲ್ಲ.

ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚು ಒಂದಕ್ಕೊಂದು ಬಡಿದು ಮೂಡುವ ಗುರುತಿಗೆ ‘ಅಚ್ಚುಢಿಕ್ಕಿ’ ಅಂತ ಬರೆದಿದ್ದೇನೆ. 1891ರ ಒಂದು ನ್ಯೂ ಆರ್ಲಿಯನ್ಸ್ ಡಾಲರ್‌ನಲ್ಲಿ ಮುಂಬದಿಯ ‘ಲಿಬರ್ಟಿ’ (LIBERTY) ಪದದ ಇಂಗ್ಲಿಷ್ ಇ (E) ಅಕ್ಷರ ಹಿಂಬದಿಗೆ ಹೋಗಿ ಹದ್ದಿನ ಬಾಲದ ಕೆಳಗೆ ಕೂತಿದೆಯಲ್ಲ, ಅಂಥದ್ದು.

ಉಳಿದದ್ದು ‘ಹಬ್’. ಅಚ್ಚನ್ನೇ ತಯಾರಿಸಲು ಒತ್ತುವ ಉಬ್ಬುಚಿತ್ರದ ಉಕ್ಕಿನ ತುಂಡು. ‘ತಾಯಚ್ಚು’ ಅನ್ನಿಸುತ್ತಿದೆ. ಅಕ್ಕಸಾಲಿಗರ ಮನೆಯಿಂದ ಬಂದವರು, ಹಳೆ ಅಚ್ಚುಮೊಳೆ ಮುದ್ರಣಾಲಯಗಳಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಿ. ನಿಮ್ಮ ಕಡೆ ಅಚ್ಚು ಮಾಡುವ ಅಚ್ಚಿಗೆ ಬಳಕೆಯ ಮಾತು ಏನಿದೆ? ಊರಿನ ಹೆಸರಿನೊಡನೆ ತಿಳಿಸಿ.