ಕೊರಳಪಟ್ಟಿ ತೊಡಿಸಿದ ಗೆಳತಿಗೆ ಹಕ್ಕಿ ಸತ್ತ ಸುದ್ದಿಯನ್ನು ತಿಳಿಸಬೇಕೇ?

ಕೆರೆಯ ನೆರೆಯವ (ಶಿರಹಟ್ಟಿ ತಾಲ್ಲೂಕು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಮಾಗಡಿ ಕೆರೆ ನಮ್ಮ ಮನೆಯಿಂದ ಸೈಕಲ್ ತುಳಿದು ಹೋಗುವಷ್ಟು ದೂರದಲ್ಲಿದೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಹೊರಗಿನವರಿಗೂ ಅದರ ಹೆಸರು ತಿಳಿಯಿತು. ನಮ್ಮ ಪಾಲಿಗೆ ಅದು ಮೊದಲಿನಿಂದಲೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ.

ಮೂರು ಚಳಿಗಾಲಗಳ ಹಿಂದೆ ಅಲ್ಲಿ ಒಂದು ಹೆಬ್ಬಾತಿನ ಕೊರಳಲ್ಲಿ ಹಸಿರು ಪಟ್ಟಿಯನ್ನೂ ಅದರ ಮೇಲೆ ಬಿಳಿಯ ಅಕ್ಷರಗಳನ್ನೂ ಕಂಡು, ಬರೆದುಕೊಂಡು, ತಿಳಿದವರ ನೆರವಿನಿಂದ ವಿಚಾರಿಸಿದಾಗ, ಪಟ್ಟಿ ತೊಡಿಸಿದ ಹೆಣ್ಣುಮಗಳೇ ಮಂಗೋಲಿಯಾದಿಂದ ಉತ್ತರ ಬರೆದರು. ಜುಲೈ ತಿಂಗಳಲ್ಲಿ ಹೆಬ್ಬಾತುಗಳು ರೆಕ್ಕೆಯ ಗರಿ ಉದುರಿಸಿ ಹಾರಲಾರದೆ ಇರುವ ಕೆಲವು ವಾರಗಳಲ್ಲಿ, ಸರೋವರದ ದಡದಲ್ಲಿ ಅವುಗಳನ್ನು ಮೆಲ್ಲಗೆ ಒಟ್ಟುಗೂಡಿಸಿ ಪಟ್ಟಿ ಹಾಕುತ್ತಾರಂತೆ. ಆ ಪತ್ರದಿಂದ ಬೆಳೆದ ಸ್ನೇಹದಲ್ಲಿ ಈಗ ಕಿರ್ಗಿಸ್ತಾನದ ಶಾಲಾ ಶಿಕ್ಷಕರೊಬ್ಬರೂ ಡೆನ್ಮಾರ್ಕಿನ ನಿವೃತ್ತ ದಾದಿಯೊಬ್ಬರೂ ಸೇರಿದ್ದಾರೆ. ಪ್ರತಿ ಭಾನುವಾರ ಸಂಜೆ ಐದಕ್ಕೆ ನಾವು ನಾಲ್ವರೂ ಫೋನಿನಲ್ಲಿ ಮಾತನಾಡುತ್ತೇವೆ. ಆಗ ಮಂಗೋಲಿಯಾದ ರಾಜಧಾನಿಯಲ್ಲಿ ರಾತ್ರಿ ಏಳೂವರೆ, ಡೆನ್ಮಾರ್ಕಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ.

ನಾಲ್ವರದೂ ಅರೆಬರೆ ಇಂಗ್ಲಿಷ್. ಆದರೂ ಮಾತು ನಿಲ್ಲುವುದಿಲ್ಲ, ಏಕೆಂದರೆ 'ಆನ್ಸರ್ ಇಂಡಿಕಸ್' ಎಂಬ ಈ ಹೆಬ್ಬಾತಿನ ವೈಜ್ಞಾನಿಕ ಹೆಸರು ಹೇಳಿದರೆ ಎಲ್ಲರ ಕಣ್ಣಿಗೂ ಅದೇ ಹಕ್ಕಿ ಬರುತ್ತದೆ. 1790ರಲ್ಲಿ ಹೆಸರಿಟ್ಟವರು ಅದನ್ನು ಭಾರತದ ಹಕ್ಕಿಯೆಂದೇ ಅರಿತಿದ್ದರು. 'ನಮ್ಮಲ್ಲಿ ಮೊಟ್ಟೆಯೊಡೆದ ಮರಿಗೆ ನಿಮ್ಮ ದೇಶದ ಹೆಸರು' ಎಂದು ಗೆಳತಿ ಪ್ರತಿ ಸಲ ನಗುತ್ತಾರೆ. ಅಲ್ಲಿ ಮೂವತ್ತು ಡಿಗ್ರಿ ಮೈನಸ್ ಚಳಿಯಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟಿರುವಾಗ, ಅವೇ ಹಕ್ಕಿಗಳು ರಾತ್ರಿ ನಮ್ಮ ಹೊಲಗಳಲ್ಲಿ ಮೇದು ಬೆಳಗಾದೊಡನೆ ಕೆರೆಗೆ ಮರಳುವುದನ್ನು ನಾನು ವರ್ಣಿಸುತ್ತೇನೆ.

ಈಗ ನನ್ನ ಪ್ರಶ್ನೆ. ಹತ್ತು ದಿನಗಳ ಹಿಂದೆ, ಬೆಳಗಿನ ಮಂಜಿನಲ್ಲಿ, ಹೊಲದ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕೆಳಗೆ ಹಸಿರು ಪಟ್ಟಿಯ ಅದೇ ಹೆಬ್ಬಾತು ಸತ್ತು ಬಿದ್ದಿತ್ತು. ಅದರ ಜಾತಿಯ ಹಕ್ಕಿಗಳು ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರಕ್ಕೆ ಏರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಇದು ಸತ್ತದ್ದು ಎರಡು ಮೂರು ಆಳಿನ ಎತ್ತರದಲ್ಲಿದ್ದ ತಂತಿಗೆ. ಪಟ್ಟಿ ನನ್ನ ಮೇಜಿನ ಮೇಲಿದೆ. ಕಳೆದ ಭಾನುವಾರ ಗೆಳತಿ 'ನಮ್ಮ ಹುಡುಗಿ ಹೇಗಿದ್ದಾಳೆ?' ಎಂದು ಕೇಳಿದಾಗ 'ಕಾಣಲಿಲ್ಲ' ಎಂದುಬಿಟ್ಟೆ. ಇಂಥ ಸ್ನೇಹದಲ್ಲಿ ಕಹಿ ಸುದ್ದಿಯನ್ನೂ ಹೇಳಬೇಕೇ? ನಮ್ಮೂರಿನಲ್ಲೇ ಹೀಗಾಯಿತೆಂಬ ಸಂಕೋಚ ನನ್ನನ್ನು ಬಿಡುತ್ತಿಲ್ಲ. ಅನುಭವಸ್ಥರು ದಯವಿಟ್ಟು ತಿಳಿಸಿ.

---

ಉತ್ತರದ ಉಲಿಯಕ್ಕಿ (ಫಿನ್ಲೆಂಡ್) ಅವರ ಉತ್ತರ:

ಗುರುಗಳೇ, ಹೇಳಲೇಬೇಕು, ಅದೂ ಈ ಭಾನುವಾರಕ್ಕೆ ಮೊದಲೇ ಹೇಳಬೇಕು. ಆ ಪಟ್ಟಿಯನ್ನು ತೊಡಿಸಿದ್ದೇ ಸುದ್ದಿ ಮರಳಿ ಬರಲಿ ಎಂದು. ಹಕ್ಕಿ ಬದುಕಿದ್ದಾಗ ಕಂಡ ಸುದ್ದಿ ಎಷ್ಟು ಮುಖ್ಯವೋ ಎಲ್ಲಿ ಹೇಗೆ ಸತ್ತಿತೆಂಬುದೂ ಅಷ್ಟೇ ಮುಖ್ಯ.

1899ರಲ್ಲಿ ಡೆನ್ಮಾರ್ಕಿನ ವೀಬೋರ್ಗ್ ಊರಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಎಂಬವರು 165 ಕಬ್ಬಕ್ಕಿಗಳ ಕಾಲಿಗೆ ವಿಳಾಸ ಕೆತ್ತಿದ ಅಲ್ಯೂಮಿನಿಯಂ ಉಂಗುರ ತೊಡಿಸಿದರು. ಅವರೂ ನಿಮ್ಮ ಹಾಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಹಕ್ಕಿ ಎಲ್ಲೋ ಯಾರದೋ ಕೈಗೆ ಸಿಕ್ಕಿ, ಆ ಅಪರಿಚಿತರು ಒಂದು ಕಾಗದ ಬರೆಯುತ್ತಾರೆಂಬ ನಂಬಿಕೆಯ ಮೇಲೆಯೇ ಇಡೀ ಪದ್ಧತಿ ನಿಂತಿದೆ. ಅದಕ್ಕೂ ಹಿಂದೆ, 1822ರಲ್ಲಿ, ಉತ್ತರ ಜರ್ಮನಿಯಲ್ಲಿ ಕೊರಳಿಗೆ ಆಫ್ರಿಕಾದ ಈಟಿ ನಾಟಿದ್ದ ಕೊಕ್ಕರೆಯೊಂದು ಸಿಕ್ಕಿದ್ದರಿಂದಲೇ, ಚಳಿಗಾಲದಲ್ಲಿ ಕೊಕ್ಕರೆಗಳು ಎಲ್ಲಿಗೆ ಹೋಗುತ್ತವೆಂಬುದಕ್ಕೆ ಅಲ್ಲಿಯವರಿಗೆ ಕಣ್ಣೆದುರಿನ ಸಾಕ್ಷಿ ದೊರೆಯಿತು. ಚರ್ಮ ತುಂಬಿ ಕಾದಿರಿಸಿದ ಆ ಕೊಕ್ಕರೆ ಈಗಲೂ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿದೆ.

ನಿಮ್ಮ ಭಾನುವಾರದ ಮಾತುಕತೆಯ ಬಗೆಗೂ ಒಂದು ಮಾತು ಹೇಳಬೇಕೆನಿಸಿದೆ. ನಾನು ತುಮಕೂರಿನವಳು, ಇಲ್ಲಿ ನೆಲಸಿ ಹನ್ನೊಂದು ವರ್ಷವಾಯಿತು. ನಮ್ಮ ಊರಿನ ಬೇಲಿ ಪೊದೆಗಳಲ್ಲಿ ಚಳಿಗಾಲವೆಲ್ಲ 'ಟಕ್, ಟಕ್' ಎನ್ನುತ್ತ ಮುಖ ತೋರಿಸದೆ ಓಡಾಡುವ ಕಂದು ಬಣ್ಣದ ಪುಟ್ಟ ಉಲಿಯಕ್ಕಿಯೊಂದಿದೆಯಲ್ಲ, ಬ್ಲೈತ್ಸ್ ರೀಡ್ ವಾರ್ಬ್ಲರ್ ಎನ್ನುತ್ತಾರೆ. ಅದು ಜೂನ್ ತಿಂಗಳಲ್ಲಿ, ಕತ್ತಲೆಯೇ ಆಗದ ಇಲ್ಲಿಯ ರಾತ್ರಿಗಳಲ್ಲಿ, ಬೇರೆ ಹಕ್ಕಿಗಳ ದನಿಗಳನ್ನೆಲ್ಲ ಅನುಕರಿಸಿ ಒಂದೊಂದು ಪಲುಕನ್ನೂ ಎರಡು ಮೂರು ಸಲ ತಿರುಗಿಸಿ ಹಾಡುವುದನ್ನು ಮೊದಲ ಬಾರಿಗೆ ಕೇಳಿದಾಗ, ಇದೇ ಆ ಹಕ್ಕಿಯೆಂದು ನನಗೆ ನಂಬಲಾಗಲಿಲ್ಲ. ನನ್ನ ಪಕ್ಕದ ಮನೆಯ ಅಜ್ಜಿ ಎಪ್ಪತ್ತು ವರ್ಷಗಳಿಂದ ಆ ಹಾಡನ್ನು ಬಲ್ಲವರು. ನಮ್ಮಲ್ಲಿ ಅದು ಬರಿಯ 'ಟಕ್' ಎನ್ನುತ್ತದೆ ಎಂದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತು, ಯಾವ ಗಿಡದಲ್ಲಿ, ಏನು ತಿನ್ನುತ್ತದೆ, ನಿಮ್ಮ ಬೆಕ್ಕುಗಳು ಹಿಡಿಯುತ್ತವೆಯೇ ಎಂದು ಒಂದು ಗಂಟೆ ಕೇಳಿದರು. 'ಹಿಡಿಯುತ್ತವೆ' ಎಂದು ನಿಜವನ್ನೇ ಹೇಳಿದೆ. ಅವರ ಬೆಕ್ಕೂ ಹಿಡಿಯುತ್ತದಂತೆ. ಅಂದಿನಿಂದ ನಮ್ಮ ಸ್ನೇಹ ಗಟ್ಟಿಯಾಯಿತು. ಹಕ್ಕಿಯ ವರ್ಷದಲ್ಲಿ ತಮಗೆ ಕಾಣದ ಅರ್ಧವನ್ನು ಕೇಳಿ ತಿಳಿಯಬೇಕೆಂಬುದೇ ಅವರ ಆಸೆ. ಆ ಅರ್ಧದಲ್ಲಿ ಬೆಕ್ಕೂ ತಂತಿಯೂ ಇರುತ್ತವೆ.

---

ಹದಿನಾರು ಕೆರೆ ದಂಡೆ (ಮೈಸೂರು) ಅವರ ಉತ್ತರ:

ಮೇಷ್ಟ್ರಿಗೆ ನಮಸ್ಕಾರ. ನಮ್ಮ ಹದಿನಾರು ಕೆರೆಗೂ ಇದೇ ಹೆಬ್ಬಾತುಗಳು ಬರುತ್ತವೆ. ಮೇಲಿನ ಸಹೋದರಿಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಪತ್ರದಲ್ಲಿ ಏನಿರಬೇಕೆಂಬುದನ್ನು ಮಾತ್ರ ಸೇರಿಸುತ್ತೇನೆ. ಕಂಡ ದಿನಾಂಕ ಮತ್ತು ಹೊತ್ತು, ಹೊಲ ಇರುವ ಜಾಗ, ಕೆರೆಯಿಂದ ಎಷ್ಟು ದೂರ, ತಂತಿಯಿಂದ ಎಷ್ಟು ದೂರದಲ್ಲಿ ಬಿದ್ದಿತ್ತು, ರೆಕ್ಕೆ ಮುರಿದಿತ್ತೇ ಅಥವಾ ಸುಟ್ಟ ಗುರುತಿತ್ತೇ, ಅಂದು ಮಂಜು ಎಷ್ಟಿತ್ತು, ಸುತ್ತ ಬೇರೆ ಹಕ್ಕಿಗಳು ಸತ್ತಿದ್ದವೇ ಎಂಬುದನ್ನೆಲ್ಲ ಬರೆಯಿರಿ. ಪಟ್ಟಿಯ ಚಿತ್ರವನ್ನು ಅಕ್ಷರಗಳು ಓದುವಂತೆ ತೆಗೆಯಿರಿ. ತಂತಿಗೆ ಬಡಿದು ಸತ್ತಿತೆಂಬುದು ನಿಮ್ಮ ಊಹೆಯಾಗಿದ್ದರೆ ಊಹೆಯೆಂದೇ ಬರೆಯಿರಿ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿ ಬರೆದ ಪತ್ರಕ್ಕೆ ಸಂಶೋಧಕರಲ್ಲಿ ಬಹಳ ಬೆಲೆಯಿದೆ.

ಇನ್ನೊಂದು ಮಾತನ್ನು ಕಾಳಜಿಯಿಂದ ಹೇಳುತ್ತೇನೆ, ಬೇಸರಿಸಬೇಡಿ. ಸತ್ತ ನೀರುಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದಿತ್ತು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಕಾಡುಹಕ್ಕಿಗಳು ಸತ್ತವು, ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ನಿಮ್ಮ ಗೆಳತಿ ಸಾವಿನ ಕಾರಣವನ್ನು ಮೊದಲು ಕೇಳುವುದು ಇದಕ್ಕೇ ಇರಬಹುದು. ಆದ್ದರಿಂದ ಕೂಡಲೇ ಅರಣ್ಯ ಇಲಾಖೆಯ ಸಿಬ್ಬಂದಿಗೂ ತಿಳಿಸಿ, ಪಟ್ಟಿ ನಿಮ್ಮ ಬಳಿ ಇರುವುದನ್ನೂ ಹೇಳಿ.

---

ದೊಯಾಂಗ್ ದಾರಿ (ನಾಗಾಲ್ಯಾಂಡ್) ಅವರ ಉತ್ತರ:

ಊರಿನ ಮರ್ಯಾದೆಯ ಸಂಕೋಚ ಎಂದಿರಿ, ಅದಕ್ಕಾಗಿ ಬರೆಯುತ್ತಿದ್ದೇನೆ. ಕೆಲಸದ ಕಾರಣ ನಾನು ವೋಖಾದಲ್ಲಿದ್ದೇನೆ. ಇಲ್ಲಿಯ ದೊಯಾಂಗ್ ಜಲಾಶಯದ ಬಳಿ ಅಮೂರ್ ಚಾಣಗಳೆಂಬ ಪುಟ್ಟ ಬೇಟೆಹಕ್ಕಿಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ 2012ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಇದಕ್ಕಿಂತ ಕಹಿಯಾದ ಸುದ್ದಿ ಒಂದು ಊರಿಗೆ ಬೇರೆ ಯಾವುದಿದ್ದೀತು? ಆದರೆ ಆ ಚಾಣಗಳು ಮಂಗೋಲಿಯಾ, ಉತ್ತರ ಚೀನಾಗಳಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದವರೆಗೆ ಹೋಗುವ ಅತಿಥಿಗಳೆಂದು ಅರಿತ ಮೇಲೆ, ಪಾಂಗ್ತಿ ಹಳ್ಳಿಯವರೇ ಮುಂದಿನ ವರ್ಷ ಬೇಟೆ ನಿಲ್ಲಿಸಿ ಕಾವಲಿಗೆ ನಿಂತರು. 2013ರಲ್ಲಿ ಹಂಗೇರಿಯ ತಜ್ಞರೂ ನಮ್ಮ ವನ್ಯಜೀವಿ ಸಂಸ್ಥೆಯವರೂ ಸೇರಿ ಮೂರು ಚಾಣಗಳಿಗೆ ಉಪಗ್ರಹ ಸಾಧನ ತೊಡಿಸಿ 'ನಾಗಾ', 'ವೋಖಾ', 'ಪಾಂಗ್ತಿ' ಎಂದು ಹೆಸರಿಟ್ಟರು. ಊರಿನ ಹೆಸರು ಸಮುದ್ರ ದಾಟಿ ಹೋದದ್ದನ್ನು ಇಲ್ಲಿಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಸುದ್ದಿ ಮುಚ್ಚಿಟ್ಟಿದ್ದರೆ ಆ ಮೂರು ಹೆಸರುಗಳು ಇರುತ್ತಿರಲಿಲ್ಲ.

---

ಕೆರೆಯ ನೆರೆಯವ ಅವರ ಮರುಉತ್ತರ:

ಎಲ್ಲರಿಗೂ ಕೃತಜ್ಞ. ಶುಕ್ರವಾರ ಅರಣ್ಯ ಸಿಬ್ಬಂದಿಯನ್ನು ಹೊಲಕ್ಕೆ ಕರೆದೊಯ್ದು ತೋರಿಸಿದೆ. ಅದೇ ರಾತ್ರಿ ಮೈಸೂರಿನವರು ಹೇಳಿದಂತೆ ಎಲ್ಲವನ್ನೂ ಬರೆದು, 'ಕಾಣಲಿಲ್ಲ' ಎಂದಿದ್ದಕ್ಕೆ ಕ್ಷಮೆಯನ್ನೂ ಕೇಳಿ, ಪಟ್ಟಿಯ ಚಿತ್ರವನ್ನು ಕಳುಹಿಸಿದೆ.

ಭಾನುವಾರ ಗೆಳತಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ತಮ್ಮ ಕಡೆಯೂ ಹಕ್ಕಿಗಳು ತಂತಿಗೆ ಸಿಕ್ಕಿ ಸಾಯುತ್ತವೆ, ಆ ಮಾತನ್ನು ನಿಮಗೆ ಹೇಳಲು ನನಗೂ ಸಂಕೋಚವಿತ್ತು ಎಂದರು. ಕಿರ್ಗಿಸ್ತಾನದ ಶಿಕ್ಷಕರು, ಹಕ್ಕಿಗಳ ಕಣ್ಣಿಗೆ ಬೀಳುವಂತೆ ತಂತಿಗೆ ತೂಗುಹಾಕುವ ಬಿಲ್ಲೆಗಳ ವಿಚಾರ ಎತ್ತಿದರು; ಅದರ ಬಗೆಗೆ ನಮ್ಮ ವಿದ್ಯುತ್ ಕಚೇರಿಗೆ ಊರಿನವರ ಸಹಿ ಹಾಕಿಸಿ ಮನವಿ ಬರೆಯುತ್ತಿದ್ದೇನೆ. ಹೆಬ್ಬಾತುಗಳು ಉತ್ತರಕ್ಕೆ ಹೊರಡುವವರೆಗೆ ದಿನವೂ ಬೆಳಗ್ಗೆ ಆ ತಂತಿಯ ಸಾಲಿನಡಿ ನಡೆದು ಲೆಕ್ಕ ಬರೆಯುವುದೆಂದೂ ಒಪ್ಪಿಕೊಂಡಿದ್ದೇನೆ.

ಕೊನೆಗೆ ಗೆಳತಿ ಕೇಳಿದ್ದು, ಆ ಹೊಲದಲ್ಲಿ ಏನು ಬೆಳೆದಿತ್ತು ಎಂದು. ಕಡಲೆ ಎಂದೆ. ಅವರು ಕಡಲೆಯ ಗಿಡವನ್ನು ನೋಡಿಲ್ಲವಂತೆ. ಇಂದು ಬೆಳಗ್ಗೆ ಹೊಲದ ಯಜಮಾನರನ್ನು ಕೇಳಿ, ಕಾಯಿ ಕಟ್ಟಿದ ಒಂದು ಗಿಡದ ಚಿತ್ರ ತೆಗೆದು ಕಳುಹಿಸಿದ್ದೇನೆ.